ಬಣ್ಣಕ್ಕೆ ಒಂದೂವರೆ ರೂಪಾಯಿ, ಐಸ್ 24 ಗ್ರಾಂ

ಸೂಜಿ ಹಾಕಿ ತೆಗೆದ ಲಿವರ್ ಬಯಾಪ್ಸಿಯ ಎಳೆ 2 ಸೆಂ.ಮೀ. ಉದ್ದ, 1.2 ಮಿ.ಮೀ. ದಪ್ಪ ಇದೆ ಎಂದಿಟ್ಟುಕೊಳ್ಳಿ. ಅದರಿಂದ 4 ಮೈಕ್ರಾನ್ ದಪ್ಪದ ಒಂದು ಪದರ ಕೊಯ್ದು ಗಾಜಿನ ಸ್ಲೈಡಿನ ಮೇಲೆ ಕೂರಿಸಿದರೆ, ಆ ಪದರಕ್ಕೆ ಸಮನಾದ ಹಸಿ ಅಂಗಾಂಶದ ತೂಕ ಮಿಲಿಗ್ರಾಮಿನ ಹತ್ತನೇ ಒಂದು ಪಾಲು. ಹೊಟ್ಟೆತುಂಬ ಉಂಡವರ ಲಿವರಿನ ತೂಕದಲ್ಲಿ ಶೇ 5ರಷ್ಟು ಗ್ಲೈಕೋಜನ್ ಇದೆ ಎಂದು ಹಿಡಿದರೆ ಸ್ಲೈಡಿನ ಮೇಲೆ ಇರುವುದು 5 ಮೈಕ್ರೋಗ್ರಾಂ. ಅಷ್ಟೂ ಗ್ಲೈಕೋಜನ್ ಬಣ್ಣ ಹಿಡಿಯುವಂತಾಗಲು ಖರ್ಚಾಗುವ ಪೀರಿಯಾಡಿಕ್ ಆಸಿಡ್ 7 ಮೈಕ್ರೋಗ್ರಾಂ. ನಾವು ಹಾಕುವ ಶೇ 0.5ರ ದ್ರಾವಣದ ಒಂದೇ ಮಿ.ಲೀ.ನಲ್ಲಿ 5,000 ಮೈಕ್ರೋಗ್ರಾಂ ಇರುತ್ತದೆ. ಬೇಕಾದ್ದಕ್ಕಿಂತ ಏಳುನೂರು ಪಟ್ಟು.

ಗ್ಲೈಕೋಜನ್ ಬಣ್ಣ ಸರಿಯಾಗಿ ಬರಲಿಲ್ಲ ಎಂದಾಗ ಲ್ಯಾಬಿನಲ್ಲಿ ಮೊದಲು ಅನುಮಾನ ಬೀಳುವುದು ಬಣ್ಣದ ಬಾಟಲಿಯ ಮೇಲೆ. ಹೊಸ ಬಾಟಲಿ ತರಿಸುತ್ತಾರೆ, ದ್ರಾವಣ ಗಟ್ಟಿ ಮಾಡುತ್ತಾರೆ, ಐದು ನಿಮಿಷ ಹೆಚ್ಚು ಇಡುತ್ತಾರೆ. ಮೇಲಿನ ಲೆಕ್ಕ ನೋಡಿದರೆ ಕೊರತೆ ಅಲ್ಲಿರುವುದು ಅಪರೂಪ. ತುಣುಕು ಮೈಯಿಂದ ಹೊರಬಂದ ಹೊತ್ತಿನಿಂದ ಫಾರ್ಮಲಿನ್ ಅದರ ನಡುವಿಗೆ ಇಳಿಯುವ ಹೊತ್ತಿನವರೆಗೆ ಗ್ಲೈಕೋಜನ್ ಸೋರಿಹೋಗಿರುತ್ತದೆ. ಯಾದಗಿರಿ, ಶಹಾಪುರ, ಸುರಪುರದಂಥ ಊರುಗಳಲ್ಲಿ, ಏಪ್ರಿಲ್–ಮೇ ತಿಂಗಳಲ್ಲಿ ಪಾದರಸ 42 ಡಿಗ್ರಿ ಮುಟ್ಟುವಾಗ, ಈ ಸೋರಿಕೆಯೇ ದೊಡ್ಡ ನಷ್ಟ. ಅದನ್ನು ತಡೆಯಲು ಎಷ್ಟು ಖರ್ಚು ಎಂದು ಗ್ರಾಂ, ಮಿ.ಲೀ., ರೂಪಾಯಿಗಳಲ್ಲಿ ನೋಡುವುದು ಈ ಬರಹದ ಉದ್ದೇಶ.

ಗ್ಲೈಕೋಜನ್ ಎಂದರೆ ಮೈ ಕೂಡಿಟ್ಟ ಸಕ್ಕರೆ. ದೊಡ್ಡವರ ಲಿವರಿನಲ್ಲಿ ಸುಮಾರು 100 ಗ್ರಾಂ, ಮಾಂಸಖಂಡಗಳಲ್ಲಿ ಎಲ್ಲ ಸೇರಿ ಸುಮಾರು 400 ಗ್ರಾಂ. ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಅದನ್ನು ಲಿವರಿನಿಂದ ಬೇರ್ಪಡಿಸಿದ್ದು 1857ರಲ್ಲಿ. ಸೂಕ್ಷ್ಮದರ್ಶಕದಲ್ಲಿ ಅದನ್ನು ಕೆಂಪಾಗಿ ತೋರಿಸುವ ಕಾರ್ಮೈನ್ ವಿಧಾನವನ್ನು ಬೆಸ್ಟ್ ಎಂಬ ಜರ್ಮನ್ ವೈದ್ಯ 1906ರಲ್ಲಿ ಕೊಟ್ಟ. ಇಂದು ಎಲ್ಲೆಡೆ ನಡೆಯುವ ಪಿಎಎಸ್ ವಿಧಾನ, ಅಂದರೆ ಪೀರಿಯಾಡಿಕ್ ಆಸಿಡ್–ಶಿಫ್, 1946ರಲ್ಲಿ ಮೆಕ್‌ಮಾನಸ್ ಪ್ರಕಟಿಸಿದ್ದು. ಪೀರಿಯಾಡಿಕ್ ಆಸಿಡ್ ಸಕ್ಕರೆಯ ಉಂಗುರವನ್ನು ಒಡೆದು ಆಲ್ಡಿಹೈಡ್ ಗುಂಪುಗಳನ್ನು ಹೊರಗೆಳೆಯುತ್ತದೆ. ಬಣ್ಣವಿಲ್ಲದ ಶಿಫ್ ದ್ರಾವಣ ಆ ಗುಂಪುಗಳಿಗೆ ಅಂಟಿ ಗಾಢ ಗುಲಾಬಿಯಾಗುತ್ತದೆ. ಕಾರ್ಮೈನ್ ಮೂಲದ್ರಾವಣದ ಒಂದು ಮಿ.ಲೀ.ಗೆ 25 ಮಿ.ಗ್ರಾಂ ಬಣ್ಣ ಬೇಕು, ಶಿಫ್‌ಗೆ 5 ಮಿ.ಗ್ರಾಂ ಸಾಕು. ಬೆಸ್ಟ್‌ನ ವಿಧಾನ ಹಿಂದೆ ಸರಿದದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಯಾದಗಿರಿ ಜಿಲ್ಲೆಯಾಗಿದ್ದು 2009ರ ಡಿಸೆಂಬರ್ 30ರಂದು, ಕಲಬುರಗಿಯಿಂದ ಯಾದಗಿರಿ, ಶಹಾಪುರ, ಸುರಪುರ ಈ ಮೂರೇ ತಾಲ್ಲೂಕುಗಳನ್ನು ಬೇರ್ಪಡಿಸಿ. ವೈದ್ಯಕೀಯ ಕಾಲೇಜು ಬಂದದ್ದು 2022ರಲ್ಲಿ, 150 ಎಂಬಿಬಿಎಸ್ ಸೀಟುಗಳೊಂದಿಗೆ. ಕಾಲೇಜು ಬಂದ ಮೇಲೆ ಪೆಥಾಲಜಿ ವಿಭಾಗ ಇರಲೇಬೇಕು, ವಿದ್ಯಾರ್ಥಿಗಳಿಗೆ ವಿಶೇಷ ಬಣ್ಣಗಳನ್ನು ತೋರಿಸಲೇಬೇಕು. ಇಂಥ ಜಾಗದಲ್ಲಿ ವಾರಕ್ಕೊಮ್ಮೆ ಪಿಎಎಸ್ ಮಾಡುವುದಾದರೆ ಎಷ್ಟು ಬೇಕಾಗುತ್ತದೆ ಎಂದು ಲೆಕ್ಕ ಹಾಕಿದೆ. ಬೆಲೆಗಳನ್ನು ಲೆಕ್ಕಕ್ಕೆಂದು ಕೊಂಚ ಹೆಚ್ಚಾಗಿಯೇ ಹಿಡಿದಿದ್ದೇನೆ: ಶಿಫ್‌ಗೆ ಬೇಕಾದ ಬೇಸಿಕ್ ಫುಕ್ಸಿನ್ ಎಂಬ ಬಣ್ಣ ಗ್ರಾಂಗೆ 100 ರೂ., ಪೀರಿಯಾಡಿಕ್ ಆಸಿಡ್ ಗ್ರಾಂಗೆ 200 ರೂ., ಉಳಿದ ಲವಣಗಳು ಮತ್ತು ಇದ್ದಿಲ ಪುಡಿ ಗ್ರಾಂಗೆ 2 ರೂ., ಹೈಡ್ರೋಕ್ಲೋರಿಕ್ ಆಸಿಡ್ ಮಿ.ಲೀ.ಗೆ 1 ರೂ., ಡಿಸ್ಟಿಲ್ಡ್ ವಾಟರ್ ಲೀಟರಿಗೆ 20 ರೂ. ಕಂಪನಿ, ಟೆಂಡರು, ಬಾಟಲಿಯ ಗಾತ್ರ ನೋಡಿ ಬೆಲೆ ಬದಲಾಗುತ್ತದೆ. ಗ್ರಾಂ ಲೆಕ್ಕ ಬದಲಾಗುವುದಿಲ್ಲ.

ಶಿಫ್ ದ್ರಾವಣವನ್ನು ಲ್ಯಾಬಿನಲ್ಲೇ ಮಾಡಬಹುದು, ಮಾಡಬೇಕು ಎನ್ನುವುದು ನನ್ನ ಅಭಿಪ್ರಾಯ. 200 ಮಿ.ಲೀ. ಡಿಸ್ಟಿಲ್ಡ್ ವಾಟರ್ ಕುದಿಸಿ, ಒಲೆಯಿಂದ ಇಳಿಸಿ, 1 ಗ್ರಾಂ ಬೇಸಿಕ್ ಫುಕ್ಸಿನ್ ಸ್ವಲ್ಪ ಸ್ವಲ್ಪವೇ ಹಾಕಬೇಕು. ಕಾಗದದ ಮೇಲಿದ್ದಾಗ ಜೀರುಂಡೆಯ ಬೆನ್ನಿನಂತೆ ಹಸಿರಾಗಿ ಹೊಳೆಯುವ ಹರಳು ನೀರಿಗೆ ಬಿದ್ದೊಡನೆ ಕಡುಗೆಂಪಾಗುತ್ತದೆ. ಬೆರಳಿಗೆ ತಾಗಿದರೆ ಎರಡು ದಿನ ಹೋಗುವುದಿಲ್ಲ. 50 ಡಿಗ್ರಿಗೆ ಆರಿದ ಮೇಲೆ 2 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, ಇನ್ನೂ ತಣ್ಣಗಾದ ಮೇಲೆ 2 ಮಿ.ಲೀ. ಹೈಡ್ರೋಕ್ಲೋರಿಕ್ ಆಸಿಡ್. ಒಂದು ರಾತ್ರಿ ಕತ್ತಲಲ್ಲಿಟ್ಟರೆ ಬೆಳಗ್ಗೆ ಕೆಂಪು ಇಳಿದು ಒಣಹುಲ್ಲಿನ ಬಣ್ಣ ಉಳಿದಿರುತ್ತದೆ. 2 ಗ್ರಾಂ ಇದ್ದಿಲ ಪುಡಿ ಹಾಕಿ ಒಂದು ನಿಮಿಷ ಕುಲುಕಿ ಸೋಸಿದರೆ ನೀರಿನಷ್ಟು ತಿಳಿ. ಕಂದು ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿಡಬೇಕು.

ಇದರ ಖರ್ಚು: ಫುಕ್ಸಿನ್ 100, ಮೆಟಾಬೈಸಲ್ಫೈಟ್ 4, ಆಸಿಡ್ 2, ಇದ್ದಿಲು 4, ನೀರು 4, ಒಟ್ಟು 114 ರೂ. ಮಿ.ಲೀ.ಗೆ 57 ಪೈಸೆ. ಪೀರಿಯಾಡಿಕ್ ಆಸಿಡ್ ದ್ರಾವಣ 200 ಮಿ.ಲೀ.ಗೆ 204 ರೂ., ಮಿ.ಲೀ.ಗೆ 1 ರೂ. 2 ಪೈಸೆ.

ರೂಢಿಯಲ್ಲಿರುವ ಕೋಪ್ಲಿನ್ ಜಾರ್ 50 ಮಿ.ಲೀ. ಹಿಡಿಯುತ್ತದೆ. ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿದರೆ ಹತ್ತು ಸ್ಲೈಡು. ಎರಡು ಜಾರು ತುಂಬಲು 79 ರೂ. 50 ಪೈಸೆ ಬೇಕು. ಹತ್ತೂ ಸ್ಲೈಡು ಇದ್ದರೆ ಒಂದಕ್ಕೆ 8 ರೂ., ನಾಲ್ಕೇ ಇದ್ದರೆ 20 ರೂ. ಜಾರು ಬಿಟ್ಟು ಸ್ಲೈಡನ್ನು ಮಟ್ಟಸ ಕಡ್ಡಿಗಳ ಮೇಲೆ ಮಲಗಿಸಿ ಒಂದೊಂದು ಮಿ.ಲೀ. ಹನಿಸಿದರೆ ಒಂದಕ್ಕೆ 1 ರೂ. 59 ಪೈಸೆ. ಏಳುನೂರು ಪಟ್ಟಿನ ಲೆಕ್ಕ ನೆನಪಿದ್ದವರಿಗೆ ಒಂದು ಮಿ.ಲೀ. ಸಾಕಾದೀತೇ ಎಂಬ ಅಳುಕು ಬರುವುದಿಲ್ಲ. ಹನಿ ಒಣಗದಂತೆ ಮೇಲೊಂದು ಮುಚ್ಚಳ ಇರಬೇಕು, ಅಷ್ಟೇ. ಬೇಸಿಗೆಯ ಒಣ ಹವೆಯಲ್ಲಿ ಇದು ಸಣ್ಣ ಮಾತಲ್ಲ.

ವಾರಕ್ಕೆ ಎಂಟು ಸ್ಲೈಡಿನಂತೆ ವರ್ಷಕ್ಕೆ 416. ಪ್ರತಿ ವಾರ ಜಾರು ತುಂಬಿ ಚೆಲ್ಲಿದರೆ 4,134 ರೂ., ಹನಿಸಿದರೆ 661 ರೂ. ಉಳಿತಾಯ 3,473 ರೂ. ಈ ಮೊತ್ತವನ್ನು ಎಲ್ಲಿ ಹಾಕಬೇಕು ಎನ್ನುವುದನ್ನು ಮುಂದೆ ಹೇಳುತ್ತೇನೆ. ಅಂಗಡಿಯವರು ಒಂದು ಗ್ರಾಂ ಕೊಡುವುದಿಲ್ಲ, 25 ಗ್ರಾಮಿನ ಬಾಟಲಿಯನ್ನೇ ಕೊಳ್ಳಬೇಕು ಎಂಬುದೂ ನಿಜ. ಹಾಗೆ ಕೊಂಡರೆ ಎರಡು ಬಾಟಲಿಗೆ 7,500 ರೂ.; ಒಂದೊಂದರಿಂದಲೂ ಐದೈದು ಲೀಟರ್ ದ್ರಾವಣ ಆಗುತ್ತದೆ. ಒಣ ಫುಕ್ಸಿನ್ ವರ್ಷಗಟ್ಟಲೆ ಕೆಡದೆ ಇರುತ್ತದೆ. ಕೆಡುವುದು ತಯಾರಾದ ಶಿಫ್. ಅದರೊಳಗಿನ ಗಂಧಕದ ಡೈಆಕ್ಸೈಡ್ ಅನಿಲ ಸೆಕೆಗೆ ಹಾರಿಹೋಗುತ್ತದೆ. ಕರೆಂಟು ಹೋಗಿ ಫ್ರಿಜ್ಜು ಬಿಸಿಯಾದರೆ ಅರ್ಧ ಲೀಟರಿನ ರೆಡಿಮೇಡ್ ಬಾಟಲಿ ಪೂರ್ತಿ ಹಾಳು. ವಾರಕ್ಕೆ 8 ಮಿ.ಲೀ. ಬಳಸುವವರು 100 ಮಿ.ಲೀ. ಮಾತ್ರ ಮಾಡಿಕೊಂಡರೆ ಹನ್ನೆರಡು ವಾರ ಬರುತ್ತದೆ. ವರ್ಷಕ್ಕೆ ನಾಲ್ಕೈದು ಸಲ, ಸಲಕ್ಕೆ ಅರ್ಧ ಗ್ರಾಂ ಫುಕ್ಸಿನ್. ಬಾಟಲಿ ಗುಲಾಬಿಗೆ ತಿರುಗಿದರೆ ಕೆಡುತ್ತಿದೆ ಎಂದರ್ಥ. ಅನುಮಾನವಿದ್ದರೆ 10 ಮಿ.ಲೀ. ಗಟ್ಟಿ ಫಾರ್ಮಲಿನ್‌ಗೆ ನಾಲ್ಕು ಹನಿ ಹಾಕಿ ನೋಡಬೇಕು: ಕೂಡಲೇ ಕೆಂಪು-ನೇರಳೆ ಬಂದರೆ ಚೆನ್ನಾಗಿದೆ, ನಿಧಾನವಾಗಿ ನೀಲಿ ಛಾಯೆ ಬಂದರೆ ಚೆಲ್ಲಬೇಕು.

ಎಂಟು ಸ್ಲೈಡಿನಲ್ಲಿ ರೋಗಿಗಳು ಎಷ್ಟು? ಮೂರೇ ಮಂದಿ. ಪಿಎಎಸ್ ಗ್ಲೈಕೋಜನ್ ಒಂದನ್ನೇ ಹಿಡಿಯುವುದಿಲ್ಲ. ಲೋಳೆ, ಶಿಲೀಂಧ್ರದ ಗೋಡೆ, ಕಿಡ್ನಿಯ ತಳಪೊರೆ ಎಲ್ಲವೂ ಗುಲಾಬಿಯಾಗುತ್ತವೆ. ಹಾಗಾಗಿ ಪ್ರತಿ ರೋಗಿಗೆ ಎರಡು ಪದರ. ಒಂದನ್ನು ಹಾಗೆಯೇ ಬಣ್ಣ ಹಾಕಬೇಕು, ಇನ್ನೊಂದನ್ನು ಮೊದಲು ಡಯಾಸ್ಟೇಸ್ ಎಂಬ ಕಿಣ್ವದ ದ್ರಾವಣದಲ್ಲಿ 37 ಡಿಗ್ರಿಯಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಇಟ್ಟು ಗ್ಲೈಕೋಜನ್ ಕರಗಿಸಿ ಆಮೇಲೆ ಬಣ್ಣ ಹಾಕಬೇಕು. ಮೊದಲನೆಯದರಲ್ಲಿ ಕಂಡ ಗುಲಾಬಿ ಎರಡನೆಯದರಲ್ಲಿ ಮಾಯವಾದರೆ ಮಾತ್ರ ಅದು ಗ್ಲೈಕೋಜನ್. ಇದರ ಜತೆ ಗ್ಲೈಕೋಜನ್ ಇದೆಯೆಂದು ಗೊತ್ತಿರುವ ಲಿವರಿನ ಎರಡು ಸ್ಲೈಡು ಪ್ರತಿ ಸಲವೂ ಇರಲೇಬೇಕು. ಒಬ್ಬ ರೋಗಿಗೆ ನಾಲ್ಕು ಸ್ಲೈಡು, ಮೂವರಿಗೆ ಎಂಟು. ಡಯಾಸ್ಟೇಸ್ 50 ಮಿ.ಲೀ.ಗೆ 50 ಮಿ.ಗ್ರಾಂ ಹಾಕಿದರೆ ಆಯಿತು. ಎಂಜಲಿನಲ್ಲೂ ಇದೇ ಕೆಲಸ ಮಾಡುವ ಅಮೈಲೇಸ್ ಇದೆ, ಹಳೆಯ ಲ್ಯಾಬುಗಳು ಅದರಿಂದಲೇ ನಡೆದವು. ಒಬ್ಬರೇ ರೋಗಿ ಇದ್ದಾಗ ನಾಲ್ಕು ಸ್ಲೈಡಿಗೆ 6 ರೂ. 36 ಪೈಸೆ. ಮೂವರು ಕೂಡಲಿ ಎಂದು ಒಬ್ಬರ ಬಯಾಪ್ಸಿಯನ್ನು ಕಾಯಿಸುವಷ್ಟು ಇದು ದೊಡ್ಡ ಖರ್ಚಲ್ಲ. ಈ ಹೋಲಿಕೆಯ ಸ್ಲೈಡು ಬಿಟ್ಟು ಕೊಡುವ ವರದಿಗೆ ನಾನು ಬೆಲೆ ಕೊಡುವುದಿಲ್ಲ.

ಈಗ ಸೋರಿಕೆಯ ಮಾತು. ರಕ್ತ ನಿಂತೊಡನೆ ಜೀವಕೋಶ ತನ್ನ ಗ್ಲೈಕೋಜನ್ ಅನ್ನು ತಾನೇ ಒಡೆದು ತಿನ್ನತೊಡಗುತ್ತದೆ. ಕಿಣ್ವದ ವೇಗ ಪ್ರತಿ 10 ಡಿಗ್ರಿಗೆ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ ಎಂಬ ಒರಟು ನಿಯಮ ಹಿಡಿದರೆ, 42 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಿದಾಗ ವೇಗ ಹದಿನಾಲ್ಕನೇ ಒಂದು ಪಾಲಿಗೆ ಬೀಳುತ್ತದೆ. ತಣ್ಣನೆಯ ಫಾರ್ಮಲಿನ್ ಒಳಗಿಳಿಯುವುದೂ ನಿಧಾನ, ಒಪ್ಪಿದೆ. ಆದರೂ ಗ್ಲೈಕೋಜನ್ ಉಳಿಸಿಕೊಳ್ಳಲು 4 ಡಿಗ್ರಿಯ ಫಾರ್ಮಲಿನ್ನೇ ಲೇಸು ಎಂದು ಅಂಗಾಂಶ ತಂತ್ರದ ಪುಸ್ತಕಗಳು ದಶಕಗಳಿಂದ ಹೇಳುತ್ತ ಬಂದಿವೆ. ಪಿಕ್ರಿಕ್ ಆಸಿಡ್ ಮತ್ತು ಆಲ್ಕೋಹಾಲ್ ಬೆರೆತ ಜಾಂಡ್ರ್ ದ್ರಾವಣವೂ ಗ್ಲೈಕೋಜನ್ ಹಿಡಿಯುತ್ತದೆ, ಆದರೆ ಅದು ಕಣಗಳನ್ನೆಲ್ಲ ಕೋಶದ ಒಂದು ಮೂಲೆಗೆ ತಳ್ಳುತ್ತದೆ. ಒಣಗಿದ ಪಿಕ್ರಿಕ್ ಆಸಿಡ್ ಸ್ಫೋಟಕ ಬೇರೆ. 42 ಡಿಗ್ರಿಯ ಊರಿನ ಕಪಾಟಿನಲ್ಲಿ ಅದು ಬೇಡ.

ಐಸ್ ಎಷ್ಟು ಬೇಕು? 50 ಮಿ.ಲೀ. ಫಾರ್ಮಲಿನ್ ದ್ರಾವಣವನ್ನು 42ರಿಂದ 4 ಡಿಗ್ರಿಗೆ ತರಲು ಸುಮಾರು 8 ಕಿಲೋಜೂಲ್ ಶಾಖ ತೆಗೆಯಬೇಕು. ಒಂದು ಗ್ರಾಂ ಐಸ್ ಕರಗುವಾಗ 334 ಜೂಲ್ ಹೀರುತ್ತದೆ. ಅಂದರೆ 24 ಗ್ರಾಂ. ಲಸಿಕೆ ಒಯ್ಯುವ ಮಾದರಿಯ ಪೆಟ್ಟಿಗೆಯಲ್ಲಿ 0.4 ಲೀಟರಿನ ನಾಲ್ಕು ಐಸ್‌ಪ್ಯಾಕ್ ಇರುತ್ತವೆ, ಒಟ್ಟು 1,600 ಗ್ರಾಂ. ಆರು ಬಾಟಲಿ ತಣ್ಣಗಾಗಲು 144 ಗ್ರಾಂ ಹೋದರೆ ಉಳಿದದ್ದೆಲ್ಲ ದಾರಿಯ ಬಿಸಿಲಿಗೆ. ಸುರಪುರದಿಂದ ಶಹಾಪುರ ಹಾದು ಯಾದಗಿರಿಗೆ 60 ಕಿ.ಮೀ. ಆಸುಪಾಸು, ಯಾದಗಿರಿಯಿಂದ ಕಲಬುರಗಿಗೆ ಸುಮಾರು 80 ಕಿ.ಮೀ.; ಎರಡು ದಾರಿಗೂ ಈ ಐಸ್ ಸಾಲುತ್ತದೆ. ಪೆಟ್ಟಿಗೆ ಮಾತ್ರ ಬೇರೆಯದೇ ಇರಬೇಕು. ಲಸಿಕೆಯ ಪೆಟ್ಟಿಗೆಯಲ್ಲಾಗಲಿ ಲಸಿಕೆಯ ಫ್ರಿಜ್ಜಿನಲ್ಲಾಗಲಿ ರೋಗಿಯ ತುಣುಕು ಇಡಕೂಡದು. ತುಣುಕು ಹೆಪ್ಪುಗಟ್ಟಲೂಬಾರದು, ಐಸ್ ಹರಳು ಕೋಶಗಳನ್ನು ಹರಿದುಹಾಕುತ್ತದೆ.

ಬಾಟಲಿಯಲ್ಲಿ ಏನಿದೆ ಎನ್ನುವುದೂ ಅಷ್ಟೇ ಮುಖ್ಯ. ಇರಬಾರದ್ದು ನಲ್ಲಿ ನೀರಿಗೆ ಅಂದಾಜಿನಲ್ಲಿ ಫಾರ್ಮಲಿನ್ ಸುರಿದದ್ದು, ಇನ್ನೂ ಕೆಟ್ಟದ್ದೆಂದರೆ ಬರೀ ಸಲೈನ್. ಸಲೈನ್ ಏನನ್ನೂ ಹಿಡಿದಿಡುವುದಿಲ್ಲ. ಅದರಲ್ಲಿ ಬಂದ ತುಣುಕಿನಲ್ಲಿ ಗ್ಲೈಕೋಜನ್ ಹುಡುಕುವುದು ವ್ಯರ್ಥ. ಸರಿಯಾದ ಅಳತೆ ಎಂದರೆ ಒಂದು ಲೀಟರಿಗೆ ಅಂಗಡಿಯ ಗಟ್ಟಿ ಫಾರ್ಮಲಿನ್ 100 ಮಿ.ಲೀ., ಡಿಸ್ಟಿಲ್ಡ್ ವಾಟರ್ 900 ಮಿ.ಲೀ., ಮಾನೋಬೇಸಿಕ್ ಸೋಡಿಯಂ ಫಾಸ್ಫೇಟ್ 4 ಗ್ರಾಂ, ಡೈಬೇಸಿಕ್ 6.5 ಗ್ರಾಂ. ಈ ಲವಣಗಳಿಲ್ಲದ ಫಾರ್ಮಲಿನ್ ದಿನ ಕಳೆದಂತೆ ಹುಳಿಯಾಗುತ್ತದೆ, ಲಿವರಿನಂಥ ರಕ್ತ ತುಂಬಿದ ಅಂಗದಲ್ಲಿ ಕಂದುಗಪ್ಪು ಚುಕ್ಕೆಗಳನ್ನು ಬಿಡುತ್ತದೆ. ಗ್ರಾಂಗೆ 2 ರೂ.ನಂತೆ ಲೀಟರಿಗೆ 21 ರೂ. ಲವಣ. 50 ಮಿ.ಲೀ. ಬಾಟಲಿಗೆ 1 ರೂ. 5 ಪೈಸೆ. ಜಾರು ಬಿಟ್ಟು ಹನಿಗೆ ಬಂದಾಗ ಉಳಿದ 3,473 ರೂ. ಇಲ್ಲಿಗೆ ಬರಬೇಕು: 165 ಲೀಟರಿನ ಲವಣ, 3,300 ಬಾಟಲಿ. ಮೂರೂ ಊರಿನ ಆಪರೇಷನ್ ಥಿಯೇಟರುಗಳಿಗೆ ತುಂಬಿಟ್ಟು ಕಳಿಸಬಹುದು.

ಸೂಜಿ ಬಯಾಪ್ಸಿಗೆ 50 ಮಿ.ಲೀ. ಧಾರಾಳ, 23 ಘನ ಮಿ.ಮೀ. ಎಳೆಗೆ ಅದರ ಇಪ್ಪತ್ತು ಪಟ್ಟು ಫಾರ್ಮಲಿನ್ ಎಂದರೂ ಅರ್ಧ ಮಿ.ಲೀ. ದಾಟುವುದಿಲ್ಲ. ತೊಂದರೆ ಇರುವುದು ದೊಡ್ಡ ಅಂಗಗಳಲ್ಲಿ. ಗಡ್ಡೆ ಸಹಿತ 400 ಗ್ರಾಂ ತೂಗುವ ಕಿಡ್ನಿಗೆ ಹತ್ತು ಪಟ್ಟು ಎಂದರೆ 4 ಲೀಟರ್. ಅಷ್ಟು ಹಾಕಿದರೂ ಫಾರ್ಮಲಿನ್ ಗಂಟೆಗೆ ಸುಮಾರು ಒಂದು ಮಿ.ಮೀ. ಇಳಿಯುತ್ತದೆ, ಆಳಕ್ಕೆ ಹೋದಂತೆ ಇನ್ನೂ ನಿಧಾನ. 5 ಸೆಂ.ಮೀ. ದಪ್ಪದ ಅಂಗವನ್ನು ಇಡಿಯಾಗಿ ಮುಳುಗಿಸಿದರೆ ನಡುಭಾಗ ಒಂದು ಹಗಲು ಒಂದು ರಾತ್ರಿ ಕಳೆದರೂ ಹಸಿಯಾಗಿಯೇ ಇರುತ್ತದೆ. ಒಂದು ಸೆಂ.ಮೀ. ಬಿಲ್ಲೆಗಳಾಗಿ ಕೊಯ್ದರೆ ಎರಡೂ ಕಡೆಯಿಂದ ಇಳಿದು ಐದಾರು ಗಂಟೆಯಲ್ಲಿ ನಡು ಮುಟ್ಟುತ್ತದೆ. ಕ್ಲಿಯರ್ ಸೆಲ್ ಎಂಬ ಕಿಡ್ನಿ ಕ್ಯಾನ್ಸರಿನ ಕೋಶಗಳು ತಿಳಿಯಾಗಿ ಕಾಣುವುದೇ ಗ್ಲೈಕೋಜನ್ ಮತ್ತು ಕೊಬ್ಬು ತುಂಬಿರುವುದರಿಂದ. ಮಕ್ಕಳ ಮೂಳೆಯ ಯೂಯಿಂಗ್ ಗಡ್ಡೆಯಲ್ಲೂ ಗ್ಲೈಕೋಜನ್ ಸುಳಿವು ಕೊಡುತ್ತದೆ. ಒಂದು ಚಾಕು, ಎರಡು ನಿಮಿಷ, ಖರ್ಚು ಸೊನ್ನೆ. ಎಲ್ಲಿ ಹೇಗೆ ಕೊಯ್ಯಬೇಕೆಂದು ಸರ್ಜನ್ ಮತ್ತು ಪೆಥಾಲಜಿಸ್ಟ್ ಮೊದಲೇ ಮಾತಾಡಿಕೊಂಡಿದ್ದರೆ ಆಯಿತು.

ಸೊನ್ನೆ ಖರ್ಚಿನದು ಇನ್ನೊಂದಿದೆ. ಒಂದು ಹಗಲು-ರಾತ್ರಿ ಉಪವಾಸವಿದ್ದರೆ ಲಿವರಿನ ಗ್ಲೈಕೋಜನ್ ಬಹುಪಾಲು ಖಾಲಿಯಾಗುತ್ತದೆ. ಬಯಾಪ್ಸಿಗೆಂದು ರಾತ್ರಿಯಿಂದ ಉಪವಾಸ ಇಟ್ಟ ರೋಗಿಯನ್ನು ಬೆಳಗ್ಗೆ ಹತ್ತಕ್ಕೆ ಕರೆಯದೆ ಮಧ್ಯಾಹ್ನ ಮೂರಕ್ಕೆ ಕರೆದರೆ ಸ್ಲೈಡು ಬಿಳಿಚಿಕೊಂಡಿರುವುದು ಸಹಜ. ಅದನ್ನು ರೋಗ ಎನ್ನಲಾಗದು. ಗ್ಲೂಕೋಸ್ ಬಾಟಲಿ ಏರಿಸಿದ್ದರೆ ಚಿತ್ರ ಬೇರೆ. ಹೀಗಾಗಿ ಚೀಟಿಯ ಮೇಲೆ ಮೂರು ಹೊತ್ತು ಬರೆದಿರಬೇಕು: ಕೊನೆಯ ಊಟ, ತುಣುಕು ತೆಗೆದದ್ದು, ಫಾರ್ಮಲಿನ್‌ಗೆ ಹಾಕಿದ್ದು. "ಸಿಸ್ಟರ್, ಬಾಟ್ಲಿ ಮ್ಯಾಲ ಟೈಮ್ ಬರೀರಿ" ಎಂದು ಟೆಕ್ನಿಷಿಯನ್ ಫೋನಿನಲ್ಲಿ ಕೇಳುವ ಆ ಒಂದು ಮಾತು ಎಷ್ಟೋ ಗ್ರಾಂ ಫುಕ್ಸಿನ್‌ಗಿಂತ ಹೆಚ್ಚಿನದು.

ಈ ಭಾಗದಲ್ಲಿ ಇದು ಯಾರಿಗೆ ಬೇಕು? 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 11,74,271. ಸಾವಿರಕ್ಕೆ 20 ಹೆರಿಗೆ ಎಂದು ಹಿಡಿದರೆ ವರ್ಷಕ್ಕೆ ಸುಮಾರು 23,500 ಮಕ್ಕಳು. ಗ್ಲೈಕೋಜನ್ ಒಡೆಯಲಾಗದೆ ಅದು ಲಿವರಿನಲ್ಲೋ ಸ್ನಾಯುವಿನಲ್ಲೋ ಕೂಡಿಕೊಳ್ಳುವ ಆನುವಂಶಿಕ ರೋಗಗಳೆಲ್ಲ ಸೇರಿ ಜಗತ್ತಿನಲ್ಲಿ 20,000ದಿಂದ 40,000 ಮಕ್ಕಳಿಗೊಂದು ಎನ್ನುತ್ತಾರೆ. ಆ ಲೆಕ್ಕದಲ್ಲಿ ಇಲ್ಲಿ ವರ್ಷಕ್ಕೋ ಎರಡು ವರ್ಷಕ್ಕೋ ಒಂದು ಮಗು. ಆದರೆ ಈ ರೋಗಗಳಲ್ಲಿ ಹೆಚ್ಚಿನವು ತಾಯಿ-ತಂದೆ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಕಾಣುವಂಥವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಗಳಲ್ಲಿ ಶೇ 27ರಷ್ಟು ರಕ್ತಸಂಬಂಧದಲ್ಲಿ ಆದವು. ಅಕ್ಕನ ಮಗಳನ್ನು ತಂದುಕೊಂಡಾಗ ಹುಟ್ಟುವ ಮಗುವಿನ ಯಾವುದೇ ಜೀನಿನ ಎರಡೂ ಪ್ರತಿ ಒಂದೇ ಹಿರಿಯರಿಂದ ಬಂದಿರುವ ಸಂಭವ 8ಕ್ಕೆ 1. ಅತ್ತೆ-ಮಾವಂದಿರ ಮಕ್ಕಳ ನಡುವೆ ಆದರೆ 16ಕ್ಕೆ 1. ಇಲ್ಲಿಯ ನಿಜವಾದ ಸಂಖ್ಯೆ ಜಗತ್ತಿನ ಸರಾಸರಿಗಿಂತ ಮೇಲಿರಲು ಇಷ್ಟು ಸಾಕು.

ಈಗ ಕೊನೆಯ ತೀರ್ಮಾನ ರಕ್ತದ ಕಿಣ್ವ ಪರೀಕ್ಷೆ ಮತ್ತು ಜೀನ್ ಪರೀಕ್ಷೆಯದು. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಉತ್ಕೃಷ್ಟತಾ ಕೇಂದ್ರವಾಗಿದೆ. ಈ ನೀತಿಯಲ್ಲಿ ಒಬ್ಬ ರೋಗಿಗೆ 50 ಲಕ್ಷ ರೂ. ವರೆಗೆ ನೆರವಿದೆ. ಪೊಂಪೆ ಎಂಬ ಗ್ಲೈಕೋಜನ್ ಕಾಯಿಲೆಯೂ ಅದರ ಪಟ್ಟಿಯಲ್ಲಿದೆ. ಆದರೆ ಹೊಟ್ಟೆ ಉಬ್ಬಿದ, ಪದೇ ಪದೇ ಸಕ್ಕರೆ ಇಳಿಯುವ ಮಗುವನ್ನು ಬೆಂಗಳೂರಿಗೆ ಕಳಿಸಬೇಕು ಎಂಬ ಅನುಮಾನ ಊರಿನಲ್ಲೇ ಮೊಳೆಯಬೇಕಲ್ಲ. ಯಾವ ಕಾರಣಕ್ಕೋ ತೆಗೆದ ಲಿವರ್ ಬಯಾಪ್ಸಿಯಲ್ಲಿ ಉಬ್ಬಿದ ತಿಳಿ ಕೋಶಗಳು, ಅವುಗಳ ತುಂಬ ಡಯಾಸ್ಟೇಸ್‌ಗೆ ಕರಗುವ ಗುಲಾಬಿ ಕಂಡರೆ ಆ ಅನುಮಾನಕ್ಕೆ ಬಲ ಬರುತ್ತದೆ. ಗುಲಾಬಿ ಎಷ್ಟು ಗಾಢ ಎನ್ನುವುದರಿಂದ ಇಷ್ಟೇ ಗ್ರಾಂ ಗ್ಲೈಕೋಜನ್ ಎಂದು ಹೇಳಲಾಗದು; ತೂಕ ಬೇಕಾದರೆ ರಾಸಾಯನಿಕ ಪರೀಕ್ಷೆಯೇ ಬೇಕು.

ಸ್ಲೈಡೇ ಬೇಕಿಲ್ಲದ ಒಂದು ಗ್ಲೈಕೋಜನ್ ಪರೀಕ್ಷೆಯನ್ನೂ ಹೇಳಿಬಿಡಬೇಕು. ವಿಯೆನ್ನಾದ ವಾಲ್ಟರ್ ಶಿಲ್ಲರ್ ಸುಮಾರು 1930ರಲ್ಲಿ ತೋರಿಸಿಕೊಟ್ಟದ್ದು: ಗರ್ಭಕೊರಳಿಗೆ ಅಯೋಡಿನ್ ಹಚ್ಚಿದರೆ ಗ್ಲೈಕೋಜನ್ ಇರುವ ಆರೋಗ್ಯದ ಪೊರೆ ಕಡುಕಂದಾಗುತ್ತದೆ, ಕ್ಯಾನ್ಸರಿನತ್ತ ಹೊರಳಿದ ಜಾಗ ಬಣ್ಣ ಹಿಡಿಯದೆ ಹಳದಿಯಾಗಿ ಉಳಿಯುತ್ತದೆ. 100 ಮಿ.ಲೀ. ನೀರಿಗೆ 10 ಗ್ರಾಂ ಪೊಟ್ಯಾಸಿಯಂ ಅಯೋಡೈಡ್, 5 ಗ್ರಾಂ ಅಯೋಡಿನ್. ತಾಲ್ಲೂಕು ಮಟ್ಟದಲ್ಲಿ ಗ್ಲೈಕೋಜನ್‌ನಿಂದ ಅತಿ ಹೆಚ್ಚು ಹೆಣ್ಣುಮಕ್ಕಳಿಗೆ ಉಪಯೋಗವಾಗಬಲ್ಲದ್ದು ಇದೇ.

ಕಡೆಯ ಲೆಕ್ಕ ರೋಗಿಯ ಕಡೆಯದು. ಗ್ಲೈಕೋಜನ್ ಸೋರಿಹೋದ ತುಣುಕಿನಿಂದ ಏನೂ ಹೇಳಲಾಗದೆ ಮತ್ತೊಮ್ಮೆ ಸೂಜಿ ಹಾಕಬೇಕಾಯಿತು ಎನ್ನಿ. ಸುರಪುರದ ಹಳ್ಳಿಯಿಂದ ಇಬ್ಬರು ಎರಡು ದಿನ ಬಂದುಹೋಗಬೇಕು. 2025–26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂ. ನಾಲ್ಕು ಆಳಿನ ಕೂಲಿ 1,480 ರೂ., ಬಸ್ಸಿನ ಖರ್ಚು, ಸೂಜಿಯ ನೋವು, ರಕ್ತಸ್ರಾವದ ಅಪಾಯ ಬಿಟ್ಟು. ಅದೇ ಹಣದಲ್ಲಿ ಹನಿ ವಿಧಾನದಿಂದ 930 ಸ್ಲೈಡುಗಳಿಗೆ ಬಣ್ಣ ಹಾಕಬಹುದು, ಎರಡು ವರ್ಷಕ್ಕೂ ಹೆಚ್ಚಿನ ಕೆಲಸ. ಹಾಗಾಗಿ ಮೂರು ಊರಿಗೂ ಖರೀದಿಯ ಪಟ್ಟಿ ಮಾಡುವವರು ಮೊದಲ ಸಾಲಿನಲ್ಲಿ ಎರಡು ಫಾಸ್ಫೇಟ್ ಲವಣ, ಎರಡನೇ ಸಾಲಿನಲ್ಲಿ ಊರಿಗೊಂದು ಐಸ್ ಪೆಟ್ಟಿಗೆ, ಮೂರನೆಯದರಲ್ಲಿ ಹೊತ್ತು ಬರೆಯುವ ಜಾಗವಿರುವ ಚೀಟಿ ಬರೆಯಲಿ. ಫುಕ್ಸಿನ್ ಮತ್ತು ಪೀರಿಯಾಡಿಕ್ ಆಸಿಡ್ ನಾಲ್ಕನೇ ಸಾಲಿಗೆ ಬಂದರೆ ಸಾಕು, ಅದೂ 25 ಗ್ರಾಮಿನ ಒಂದೊಂದೇ ಬಾಟಲಿ.